ಮದುವೆ ಆ್ಯಪಿಗೆ ನಾನು ಬರೆದ ದೀಪ

ನಾದಿನಿಯ ಮದುವೆಗೆ ಎಷ್ಟು ಜನ ಬರುತ್ತಾರೆಂದು ತಿಳಿಯುವುದು ನನ್ನಂಥವನಿಗೆ ಏನು ಮಹಾ ಕೆಲಸ? ತರೀಕೆರೆಯಲ್ಲಿ ಕಂಪ್ಯೂಟರ್ ತರಗತಿ ನಡೆಸುವವನು ನಾನು!

"ಕಾಗದ, ಪೆನ್ನು ಏನೂ ಬೇಡ ಮಾವ. ಆ್ಯಪ್ ಮಾಡ್ಬಿಡ್ತೀನಿ. ಬರೋರು ಫೋನಲ್ಲಿ ಒಂದು ಬಟನ್ ಒತ್ತಿದ್ರಾಯ್ತು," ಎಂದೆ.

ಅಜ್ಜಂಪುರದ ಮಾವನವರು ನನ್ನನ್ನು ಮೊದಲ ಸಲ ಗೌರವದಿಂದ ನೋಡಿದರು. ಆ ನೋಟಕ್ಕಾಗಿ ಒಂಬತ್ತು ವರ್ಷ ಕಾದಿದ್ದೆ.

"ಭಾನುವಾರ ಸಂಜೆಯೊಳ್ಗೆ ಅಡುಗೆಯವ್ರಿಗೆ ಸಂಖ್ಯೆ ಹೇಳ್ಬೇಕು. ನಿಮ್ಮನ್ನೇ ನಂಬೀನಿ ಅಳಿಯಂದ್ರೇ."

ಆ್ಯಪ್ ಎರಡು ಗಂಟೆಯಲ್ಲಿ ಸಿದ್ಧವಾಯಿತು. ಅಲ್ಲಿಗೇ ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಅದರಲ್ಲಿ ಸಿಗುವ ಬಟನ್ ಬರೀ ಬೂದು ಬಣ್ಣದ ಚೌಕ. ಮದುವೆಗೆ ಬೂದು ಚೌಕವೇ? ಬಟನ್ನಿನ ಮೇಲೆ ನಮಗೆ ಬೇಕಾದ ಚಿತ್ರವನ್ನು ಗೆರೆ ಗೆರೆಯಾಗಿ ಕೋಡಿನಲ್ಲೇ ಬರೆಯಬಹುದು. ದೀಪ ಬರೆಯಲು ಕುಳಿತೆ. ಕುಡಿಗೊಂದು ಬಾಗು, ಅರಿಶಿನದಿಂದ ಕೇಸರಿಗೆ ಮೆಲ್ಲಗೆ ಕರಗುವ ಬಣ್ಣ... ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು, ನಾನು ಆ ಬೆಳಕಿನೊಳಗೆ ಎಲ್ಲೋ ತೇಲುತ್ತಿದ್ದೆ. ಅಂಥ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

"ರೀ, ದೀಪ ತಲೆಕೆಳಗಾಗಿದೆ," ಎಂದಳು ಹೆಂಡತಿ ಗಿರಿಜೆ.

ಪರದೆಯ ಅಳತೆ ಮೇಲಿನಿಂದ ಕೆಳಕ್ಕೆ ಹೋಗುತ್ತದೆ ಎಂದು ದಿನಾ ಪಾಠ ಹೇಳುವ ನನಗೇ ಮರೆತಿತ್ತು! ತಿರುಗಿಸಿದೆ. ಒತ್ತಿದ್ದು ಗೊತ್ತಾಗಲೆಂದು, ಉರಿಯುತ್ತಿರುವ ದೀಪ ಬೆರಳು ತಾಗಿದೊಡನೆ ಆರುವಂತೆ ಮಾಡಿ ನೆಂಟರಿಗೆಲ್ಲ ಕಳಿಸಿದೆ.

ಮೊದಲು ಒತ್ತಿದವರು ಮಾವನವರ ಅಕ್ಕ, ಯಗಟಿಯ ದೊಡ್ಡತ್ತೆ. ಮರುಕ್ಷಣವೇ ಫೋನ್.

"ಏನಪ್ಪಾ, ಮದ್ವೆ ಮನೆ ದೀಪ ನನ್ ಕೈಲೇ ಹೋಗೋ ಹಂಗ್ ಮಾಡ್ಬಿಟ್ಯಲ್ಲ!"

ನಮ್ಮ ಕಡೆ ದೀಪ 'ಆರಿಸು' ಎಂಬ ಮಾತನ್ನೇ ಬಾಯಿಗೆ ತರುವುದಿಲ್ಲ, 'ದೊಡ್ಡದು ಮಾಡು' ಎನ್ನುತ್ತೇವೆ. ನಾನೋ, ಇಡೀ ಬಂಧುಬಳಗದ ಕೈಯಲ್ಲಿ ದೀಪ ಆರಿಸಲು ಹೊರಟಿದ್ದೆ! ಸುದ್ದಿ ಕಡೂರಿನ ನೆಂಟರನ್ನೂ ಮುಟ್ಟಿತು. ಮತ್ಯಾರೂ ಒತ್ತಲಿಲ್ಲ. ಶನಿವಾರ ಸಂಜೆಯ ಒಟ್ಟು ನೆಂಟರು: ಒಬ್ಬರು!

ಒತ್ತಿದರೆ ದೀಪ ಹತ್ತುವಂತೆ ತಿದ್ದಿ, ಎಲ್ಲರಿಗೂ ಮತ್ತೆ ಕಳಿಸಿದೆ. ಭಾನುವಾರ ಸಂಖ್ಯೆ ಏರತೊಡಗಿತು. ಇನ್ನೂರು. ಎಂಟುನೂರು. ಎದೆ ಉಬ್ಬಿತು. ನಾಲ್ಕು ಸಾವಿರ! ಉಬ್ಬಿದ ಎದೆ ಧಸಕ್ಕೆಂದಿತು. ಛತ್ರದಲ್ಲಿ ಹಿಡಿಸುವುದೇ ಆರುನೂರು ಜನ.

ದೊಡ್ಡತ್ತೆಗೆ ಫೋನ್ ಮಾಡಿದೆ.

"ಒತ್ತಿದ್ರೆ ಹತ್ತುತ್ತೆ ಕಣಪ್ಪಾ, ಬೆರಳು ತೆಗದ್ರೆ ಹೋಗ್ಬಿಡ್ತದೆ. ಬಿಡಕ್ಕಾಯ್ತದಾ? ಬೆಳಗ್ಗಿಂದ ಒತ್ತುತ್ಲೇ ಇದೀವಿ. ಈಗ ಸೊಸೆ ಒತ್ತಾ ಅವ್ಳೆ."

ಬೆರಳು ಇರುವಷ್ಟು ಹೊತ್ತು ಮಾತ್ರ ದೀಪ ಬೆಳಗುವಂತೆ ಬರೆದಿದ್ದೆ. ಒಂದೊಂದು ಒತ್ತಿಗೂ ಒಬ್ಬೊಬ್ಬ ನೆಂಟ ಹುಟ್ಟುತ್ತಿದ್ದ! ಬಣ್ಣದ ಗುಂಗಿನಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಮಾವನವರಲ್ಲಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ, ಅದೇ ಹೆಚ್ಚು ನೋಯಿಸಿತು. ಅಡುಗೆಯವರಿಂದ ಎರಡು ದಿನದ ಸಮಯ ಕೇಳಿ ಪಡೆದು, ಕುಂಕುಮ, ಅಕ್ಷತೆ ಹಿಡಿದು ಮನೆಮನೆಗೆ ಕರೆಯಲು ಹೊರಟರು. ಕಡೂರು, ಯಗಟಿ ಎಲ್ಲ ಸುತ್ತಿ ಕೊನೆಗೆ ನಮ್ಮ ಮನೆಗೆ ಬಂದು, ಮಗಳ ಮುಂದೆ ಚೀಟಿ ಬಿಚ್ಚಿದರು.

"ನಿಮ್ಮನೆಯಿಂದ ಎಷ್ಟ್ ಜನ ಬತ್ತೀರವ್ವಾ?"

"ಒಂದೂವರೆ ಅಂತ ಬರ್ಕೊಳಪ್ಪಾ," ಎಂದಳು ಗಿರಿಜೆ. "ಇವರು ಎಲ್ಲಿಗ್ ಬಂದ್ರೂ ಅರ್ಧಾನೇ ಬರೋದು, ಇನ್ನರ್ಧ ಕಂಪ್ಯೂಟರ್ ಒಳ್ಗೇ ಇರತ್ತೆ."

ಮಾವನವರು ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು, ನನ್ನ ಮುಖವನ್ನೊಮ್ಮೆ ನೋಡಿ, ಒಂದೂವರೆ ಎಂದೇ ಬರೆದುಕೊಂಡರು.