ನನ್ನೊಳಗೆ ಮೂರು ಖಾನೆ, ಒಂದರ ಜಿಪ್ ಕೆಟ್ಟಿದೆ

ಮಾನ್ಯ ವ್ಯಕ್ತಿತ್ವಮಾಪಕ ಯಂತ್ರ ಮಹಾಶಯರೇ,

ತಮ್ಮ ಹಸಿರು ದೀಪ ಸದಾ ಬೆಳಗುತ್ತಿರಲಿ, ತಮ್ಮ ಹೊಟ್ಟೆಯಲ್ಲಿ ಕಾಗದ ಎಂದೂ ಸಿಕ್ಕಿಕೊಳ್ಳದಿರಲಿ ಎಂದು ಹಾರೈಸುತ್ತಾ, ದೂರಿಗೆ ಮೊದಲು ಒಂದು ತಪ್ಪೊಪ್ಪಿಗೆ ಸಲ್ಲಿಸುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ. ಕಳೆದ ಮಂಗಳವಾರ ತಮ್ಮ ನೆತ್ತಿಯ ಮೇಲೆ ಬಿಸಿ ಟೀ ಲೋಟ ಇಟ್ಟು ದುಂಡನೆಯ ಕಲೆ ಮಾಡಿದ ಪಾಪಿ ನಾನೇ. ಸಿಟ್ಟಿನಿಂದ ಮಾಡಿದ್ದಲ್ಲ, ಇಡೀ ಕಚೇರಿಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ನಮ್ಮೆಲ್ಲರಿಗೂ ತಲೆಬಿಸಿ ತಂದ ತಮ್ಮ ತಲೆಯೂ ಬಿಸಿಯಾಗಿಯೇ ಇರುತ್ತದೆಂದು ತಿಳಿದು ಅಂದು ನನಗೆ ತಕ್ಕಮಟ್ಟಿಗೆ ಸಮಾಧಾನವೂ ಆಯಿತು.

ಬಸ್ ನಿಲ್ದಾಣದ ಕಳೆದುಹೋದ ವಸ್ತುಗಳ ವಿಭಾಗದಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಗುಮಾಸ್ತ. ನನ್ನ ಹೆಂಡತಿಯದು ಪಕ್ಕದ ಮೇಜು. ಕೊಡೆಯ ಹಿಡಿ ನೋಡಿ ಅದರ ಒಡೆಯ ಮುಂಗೋಪಿಯೋ ಮೆತ್ತನೆಯವನೋ ಹೇಳಬಲ್ಲೆ. ಯಾವ ಚೀಲ ಯಾರದೆಂದು ಬಾಗಿಲಲ್ಲಿ ಕಾಲಿಟ್ಟವರ ಮುಖ ಕಂಡೇ ಗುರುತಿಸಬಲ್ಲೆ. ಆದ್ದರಿಂದ ಹಳೆಯ ಮುಖ್ಯಸ್ಥರು ನಿವೃತ್ತರಾಗಿ ಕಿಟಕಿ ಪಕ್ಕದ ತಿರುಗುವ ಕುರ್ಚಿ ಖಾಲಿಯಾದಾಗ, ಅದು ನನ್ನದೇ ಎಂದು ನಂಬಿ, ಮನೆಯಿಂದ ಒಂದು ದಿಂಬನ್ನೂ ತಂದು ಅದರ ಮೇಲಿಟ್ಟೆ. ಆಗಲೇ ನಮ್ಮ ಸಾಹೇಬರು "ಇನ್ಮೇಲೆ ಎಲ್ಲಾ ವೈಜ್ಞಾನಿಕ ಕಣಪ್ಪಾ, ಕುರ್ಚಿ ಯಾರಿಗೆ ಅಂತ ಇದೇ ಹೇಳುತ್ತೆ" ಎಂದು ತಮ್ಮನ್ನು ಕರೆತಂದು ಪ್ರತಿಷ್ಠಾಪಿಸಿದ್ದು.

ತಮ್ಮ ಇನ್ನೂರ ನಲವತ್ತು ಪ್ರಶ್ನೆಗಳ ಹಾಳೆಯ ನೆತ್ತಿಯಲ್ಲಿ "ವಿವರ ತುಂಬಿ" ಎಂದಿತ್ತು. ನಮ್ಮ ವಿಭಾಗದಲ್ಲಿ ವಿವರ ತುಂಬಲು ಒಂದು ಕಟ್ಟುನಿಟ್ಟಿನ ಕ್ರಮವಿದೆ: ಕಂಡದ್ದನ್ನು ಬರೆಯಬೇಕು, ಊಹಿಸಿದ್ದನ್ನು ಬರೆಯಕೂಡದು, ಉಂಗುರ ಸಿಕ್ಕರೆ "ಚಿನ್ನದ್ದು" ಎನ್ನದೆ "ಹಳದಿ ಲೋಹದ್ದು" ಎನ್ನಬೇಕು. ಹತ್ತೊಂಬತ್ತು ವರ್ಷ ಪಳಗಿದ ಕೈ, ನನ್ನನ್ನು ಕೇಳದೆಯೇ ಬರೆಯಿತು. "ನೀವು ಎಂಥ ವ್ಯಕ್ತಿ?" ಎಂಬಲ್ಲಿ "ಕಂದು, ಮಧ್ಯಮ ಗಾತ್ರ, ಬಳಸಿದ್ದು" ಎಂದೂ, "ನಿಮ್ಮೊಳಗೆ ಏನಿದೆ?" ಎಂಬಲ್ಲಿ ಕೋಟಿನ ಜೇಬುಗಳನ್ನು ತಡಕಿ ನೋಡಿ "ಮೂರು ಖಾನೆ, ಒಂದರ ಜಿಪ್ ಕೆಟ್ಟಿದೆ, ಒಂದು ಬಾಚಣಿಗೆ" ಎಂದೂ ಬರೆದೆ. ಇಷ್ಟು ಪ್ರಾಮಾಣಿಕ ಉತ್ತರಕ್ಕೆ ತಾವು ದಯಪಾಲಿಸಿದ ವರದಿ: "ವ್ಯಕ್ತಿತ್ವವು ಮೂರಾಗಿ ಒಡೆದಿದೆ, ಒಂದು ಭಾಗ ಹತೋಟಿಯಲ್ಲಿಲ್ಲ." ಬಾಚಣಿಗೆಯ ಬಗ್ಗೆ ತಾವು ಮೌನ ವಹಿಸಿದ್ದಕ್ಕೆ ಕೃತಜ್ಞನಾಗಿದ್ದೇನೆ.

ಬುದ್ಧಿಲಬ್ಧ ಎಂಬ ಅಂಕಣದಲ್ಲಿ ನನಗೆ ಲಭ್ಯವಾದದ್ದು ಅರವತ್ತೆರಡು. ಕೈಗವಸು, ಚಪ್ಪಲಿ, ಕಾಲುಚೀಲ, ಟೋಪಿ, ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದೆಂದು ಕೇಳಿದಿರಿ. ಚಪ್ಪಲಿ ಎಂದೆ. ಉಳಿದವನ್ನು ಕಳೆದುಕೊಂಡವರು ಮನೆಗೆ ಹೋಗಿ ಮರೆಯುತ್ತಾರೆ. ಒಂಟಿ ಚಪ್ಪಲಿಯವನು ಮಾತ್ರ ಕುಂಟುತ್ತಾ ನಮ್ಮಲ್ಲಿಗೆ ಬರುತ್ತಾನೆ. ತಾವು ಟೋಪಿಯೇ ಸರಿ ಎಂದು ನನಗೇ ಟೋಪಿ ಹಾಕಿದಿರಿ. ಎರಡು, ನಾಲ್ಕು, ಎಂಟು, ಮುಂದೆ ಎಷ್ಟು ಎಂದಾಗ ಹದಿನೇಳು ಎಂದದ್ದೂ ಅಜ್ಞಾನದಿಂದಲ್ಲ. ಹದಿನಾರನೆಯ ಕಪಾಟಿನ ಬಾಗಿಲು ಕಿತ್ತುಬಂದಿದೆ, ಅದರಲ್ಲಿ ಏನನ್ನೂ ಇಡುವಂತಿಲ್ಲ.

ಇನ್ನು ಪ್ರೇರಣೆ. "ಬೆಳಗ್ಗೆ ನಿಮ್ಮನ್ನು ಎಬ್ಬಿಸುವ ಶಕ್ತಿ ಯಾವುದು? ಸಾಧನೆಯ ಹಂಬಲವೇ, ಕೀರ್ತಿಯೇ, ಸೇವಾಭಾವವೇ?" ಎಂದು ಎಷ್ಟು ಸೊಗಸಾಗಿ ಕೇಳಿದಿರಿ! ನಾಲ್ಕನೆಯ ಗೆರೆ ಎಳೆದು "ಹೆಂಡತಿ" ಎಂದು ಬರೆದೆ. "ಸ್ವಂತ ಪ್ರೇರಣೆ ಶೂನ್ಯ" ಎಂದು ತೀರ್ಪಿತ್ತಿರಿ. ಮನಶ್ಶಾಸ್ತ್ರ ಅರೆದು ಕುಡಿದ ತಮಗೆ ಮನೆಶಾಸ್ತ್ರದ ಗಂಧವೂ ಇಲ್ಲವೆಂಬುದು ಅಂದೇ ಖಚಿತವಾಯಿತು.

ಆದರೆ ತಮ್ಮ ಪ್ರತಿಭೆ ಶಿಖರ ಮುಟ್ಟಿದ್ದು ಲಿಂಗಗುಣದ ಅಂಕಣದಲ್ಲಿ. ಕಳಚಿದ ಗುಂಡಿ ಹೊಲಿಯುತ್ತೀರಾ ಎಂದಿರಿ. ಸಿಕ್ಕ ಕೋಟುಗಳ ಗುಂಡಿ ಹೊಲಿದಿಡುವುದು ನನ್ನ ಕೆಲಸ, ಹೌದೆಂದೆ. ಭಾರ ಎತ್ತುತ್ತೀರಾ ಎಂದಿರಿ. ಟ್ರಂಕುಗಳನ್ನು ಎತ್ತಿಡುವುದೂ ಕೆಟ್ಟ ಬೀಗ ತೆರೆಯುವುದೂ ನನ್ನ ಹೆಂಡತಿಯ ಕೆಲಸ, ಇಲ್ಲವೆಂದೆ. ನನ್ನಲ್ಲಿ ಸ್ತ್ರೀತ್ವ ನೂರಕ್ಕೆ ಎಂಬತ್ತೊಂದು, ಆಕೆಯಲ್ಲಿ ಪುರುಷತ್ವ ಎಪ್ಪತ್ತೇಳು ಎಂದು ಕಚೇರಿಯ ಸೂಚನಾ ಫಲಕದಲ್ಲಿ ಅಂಟಿಸಿದಿರಿ. ಗುಂಡಿಗೂ ಟ್ರಂಕಿಗೂ ಗಂಡು ಹೆಣ್ಣಿನ ಭೇದವಿದೆಯೆಂದು ಗುಂಡಿಗೂ ಟ್ರಂಕಿಗೂ ಗೊತ್ತಿರಲಿಲ್ಲ. ಸಾಹೇಬರಂತೂ ಎಲ್ಲರೆದುರೇ "ಏನಪ್ಪಾ, ಇನ್ಮೇಲೆ ನಿನ್ನನ್ನ ಅಣ್ಣ ಅನ್ನೋದೋ ಅಕ್ಕ ಅನ್ನೋದೋ?" ಎಂದರು. "ಅಕ್ಕನೇ ಅನ್ನಿ ಸಾರ್, ಮನೇಲಿ ಪಾತ್ರೆ ತೊಳೆಯೋಕೆ ನೆಪ ಹೇಳೋದಾದ್ರೂ ತಪ್ಪುತ್ತೆ" ಎಂದು ನನ್ನವಳು ದನಿಗೂಡಿಸಿದಳು. ಕುರ್ಚಿ ಆಕೆಗೇ ಹೋಯಿತು. ದಿಂಬು ಮಾತ್ರ ನನ್ನದು. ಅದನ್ನೂ ಆಕೆ "ಚೆನ್ನಾಗಿದೆ, ಇರಲಿ ಬಿಡಿ" ಎಂದು ಉಳಿಸಿಕೊಂಡಳು.

ಆದ್ದರಿಂದ, ಅಂಕ ಕೊಡುವಲ್ಲಿ ಅಂಕೆ ಮೀರಿದ ತಮ್ಮಲ್ಲಿ ಸವಿನಯ ಬೇಡಿಕೆ: ಆಕೆಗೆ ತಾವು ಕೊಟ್ಟ ನೂರ ಇಪ್ಪತ್ತೆಂಟು ಬುದ್ಧಿಯಲ್ಲಿ ಒಂದು ಮೂವತ್ತನ್ನಾದರೂ ನನ್ನ ಹೆಸರಿಗೆ ವರ್ಗಾಯಿಸಿ ಕುರ್ಚಿಯ ವಿಷಯ ಮರುಪರಿಶೀಲಿಸಬೇಕು, ಗಂಡ ಹೆಂಡಿರ ನಡುವೆ ಇದೇನು ದೊಡ್ಡದಲ್ಲ; ನಮ್ಮ ಏಣಿ ಹೆಣ್ಣೋ ಗಂಡೋ ತಿಳಿಸಬೇಕು, ಯಾರು ಹತ್ತಬೇಕೆಂದು ತಿಳಿಯದೆ ಕೆಲಸ ನಿಂತಿದೆ; ತಾವೂ ಒಮ್ಮೆ ಅದೇ ಇನ್ನೂರ ನಲವತ್ತು ಪ್ರಶ್ನೆಗಳಿಗೆ ಉತ್ತರಿಸಿ, ಬೆಳಗ್ಗೆ ತಮ್ಮನ್ನು ಎಬ್ಬಿಸುವುದು ಸಾಧನೆಯ ಹಂಬಲವೋ ಗೋಡೆಯ ಸ್ವಿಚ್ಚೋ ಎಂಬುದನ್ನು ಫಲಕದಲ್ಲಿ ಅಂಟಿಸಬೇಕು. ಇದಾವುದೂ ಆಗದಿದ್ದರೆ ದಯವಿಟ್ಟು ಯಾವುದಾದರೂ ಬಸ್ಸಿನಲ್ಲಿ ಕಳೆದುಹೋಗಬೇಕು. ತಮ್ಮ ಚೀಟಿಯನ್ನು ನಾನೇ ಮುದ್ದಾದ ಅಕ್ಷರದಲ್ಲಿ ಬರೆಯುತ್ತೇನೆ: "ಬೂದು ಬಣ್ಣ, ಒಳಗೆ ಏನೂ ಇಲ್ಲ."

ನೂರಕ್ಕೆ ಎಷ್ಟೆಂದು ತಾವೇ ಅಳೆದುಕೊಳ್ಳಬಹುದಾದ,
ತಮ್ಮ ವಿಶ್ವಾಸಿ,
ಅರವತ್ತೆರಡರ ಗುಮಾಸ್ತ

ವಿ.ಸೂ.: ಬೇರೆಯವರಿಂದ ತಮಗೆ ತಿಳಿಯುವ ಮೊದಲು ನಾನೇ ಹೇಳಿಬಿಡುತ್ತೇನೆ, ತಮಗೆ ಕಿವಿಯಿಲ್ಲವೆಂಬುದೊಂದೇ ಧೈರ್ಯ. ನಿನ್ನೆ ನನ್ನ ಊಟದ ಚೀಲವನ್ನು ಬಸ್ಸಿನಲ್ಲೇ ಬಿಟ್ಟಿಳಿದೆ. ಅದು ನೆಟ್ಟಗೆ ನಮ್ಮ ವಿಭಾಗಕ್ಕೇ ಬಂತು. ಹೊಸ ಮುಖ್ಯಸ್ಥರು ತಿರುಗುವ ಕುರ್ಚಿಯಿಂದ "ಗುರುತು ಹೇಳಿ" ಎಂದರು. ನೀಲಿ ಎಂದೆ; ಹಸಿರಂತೆ. ಒಳಗೇನಿದೆ ಎಂದರು. "ಕಟ್ಟಿದವಳು ನೀನು, ನನ್ನ ಯಾಕೆ ಕೇಳ್ತೀಯ?" ಎಂದೆ. "ಹನ್ನೊಂದು ವರ್ಷದಿಂದ ಹೊತ್ಕೊಂಡು ಬರ್ತಿರೋರು ನೀವಲ್ವೇನ್ರೀ?" ಎಂದು ಕೇಳಿ, ಚೀಲವನ್ನು ಹದಿನೇಳನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಚೀಟಿಯನ್ನು ಆಮೇಲೆ ಇಣುಕಿ ಓದಿದೆ: "ಹಸಿರು ಚೀಲ, ಒಳಗೆ ಊಟ. ತನ್ನದೆಂದು ಹೇಳಿಕೊಂಡು ಒಬ್ಬರು ಬಂದಿದ್ದರು. ನಂಬುವಂತಿರಲಿಲ್ಲ."