ನಮ್ಮ ಮನೆಯ ಫೈರ್‌ವಾಲ್

ನನ್ನ ಬಾಯಿಂದ ಮೊದಲು ಹೊರಡುವ ಮಾತು 'ಇಲ್ಲ' ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯುವುದು ಒಳ್ಳೆಯದು. ಇದು ದುಷ್ಟತನವಲ್ಲ, ಕಸುಬಿನಿಂದ ಬಂದ ಅಭ್ಯಾಸ. ಬೈಯಪ್ಪನಹಳ್ಳಿಯಲ್ಲಿ ನಮ್ಮ ತಂದೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಮೂರು ಅಂತಸ್ತಿನ ಕಟ್ಟಡವಿದೆ. ಕೆಳಗೆ ನಾನು ಮತ್ತು ನನ್ನ ಹೆಂಡತಿ, ಮೇಲೆಲ್ಲ ಬಾಡಿಗೆ ರೂಮುಗಳು. ಮೆಟ್ರೋ ಸ್ಟೇಷನ್ ಹತ್ತಿರವಿರುವುದರಿಂದ ರೂಮು ಕೇಳಿಕೊಂಡು ಬರುವವರಿಗೆ ಕೊರತೆಯಿಲ್ಲ. 'ಬಾಡಿಗೆಗೆ ಇದೆ' ಎಂಬ ಬೋರ್ಡನ್ನು ಗೇಟಿಗೆ ತಂತಿ ಸುತ್ತಿ ಕಟ್ಟುವವನು ನಾನೇ. ಅದನ್ನು ಓದಿ ಯಾರಾದರೂ ಬೆಲ್ ಒತ್ತಿ ರೂಮು ಇದೆಯಾ ಎಂದು ಕೇಳಿದರೆ, ಇಲ್ಲ ಎನ್ನುವವನೂ ನಾನೇ. ಆಮೇಲೆ ನಿಧಾನವಾಗಿ, ಯಾವ ಊರು, ಏನು ಕೆಲಸ, ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ, ನೆಂಟರು ಬಂದು ಉಳಿಯುತ್ತಾರೋ ಎಂದು ವಿಚಾರಿಸುತ್ತೇನೆ. ಎಲ್ಲಕ್ಕೂ ಸರಿಯಾದ ಉತ್ತರ ಬಂದರೂ, "ಎರಡು ದಿನ ಬಿಟ್ಟು ಬನ್ನಿ, ನೋಡೋಣ" ಎಂದು ಕಳಿಸುತ್ತೇನೆ. ಎರಡು ದಿನದಲ್ಲಿ ನೋಡುವುದು ಏನೂ ಇರುವುದಿಲ್ಲ. ಆದರೆ ಕೇಳಿದ ತಕ್ಷಣ ಕೊಟ್ಟುಬಿಟ್ಟರೆ ಓನರಿಗೆ ಏನು ಬೆಲೆ? ನಮ್ಮ ಬೀದಿಯ ಓನರುಗಳೆಲ್ಲ ಹೀಗೆಯೇ. ಸಂಜೆ ಟೀ ಅಂಗಡಿಯ ಹತ್ತಿರ ಸೇರಿದಾಗ ಇವತ್ತು ಎಷ್ಟು ಜನರನ್ನು ವಾಪಸ್ಸು ಕಳಿಸಿದೆವು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.

ಇಂಥ ಮನುಷ್ಯನ ಕೈಗೆ ಮನೆಯ ಕಂಪ್ಯೂಟರಿನ ರಕ್ಷಣೆ ಬಂದದ್ದು ಹೆಂಡತಿ ಪದ್ಮಳ ದೆಸೆಯಿಂದ. ಎರಡನೇ ಮಹಡಿಯಲ್ಲಿ ರಾಂಚಿಯ ಕಡೆಯ ರೀನಾ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ಅವಳು ಒಂದು ದಿನ ಕರಿಬೇವು ಕೇಳಲು ಬಂದವಳು, ಆಟೋದವರ ಹತ್ತಿರ ಕನ್ನಡದಲ್ಲಿ ಹೇಗೆ ಮಾತಾಡಬೇಕು ಎಂದು ಕೇಳಿದಳು. ಪದ್ಮ ಅಡುಗೆಮನೆಯಲ್ಲಿ ನಿಂತೇ ಅರ್ಧ ಗಂಟೆ ಹೇಳಿಕೊಟ್ಟಳು. ಮರುವಾರ ಮೇಲಿನ ರೂಮುಗಳ ಇನ್ನೂ ಮೂವರು ಅವಳ ಜೊತೆ ಬಂದರು. ಆಮೇಲೆ ಇಂದಿರಾನಗರ, ಕೆ.ಆರ್. ಪುರದಲ್ಲಿರುವ ಅವರ ಆಫೀಸಿನ ಸ್ನೇಹಿತರೂ ಸೇರಿ ಒಟ್ಟು ಹನ್ನೊಂದು ಜನ ಆದರು. ಅಷ್ಟು ಜನ ಅಡುಗೆಮನೆಯಲ್ಲಿ ಹಿಡಿಸುವುದಿಲ್ಲವಾದ್ದರಿಂದ ಭಾನುವಾರ ಬೆಳಗ್ಗೆ ಹತ್ತಕ್ಕೆ ಕಂಪ್ಯೂಟರಿನಲ್ಲಿ ವಿಡಿಯೋ ಕ್ಲಾಸು ಎಂದು ನಿಶ್ಚಯವಾಯಿತು. ಪದ್ಮ ಎರಡು ತಿಂಗಳು ಕೂತು ಪಾಠ ಬರೆದಳು. ತರಕಾರಿ, ಬಸ್ಸು, ಹಾಲಿನ ಪ್ಯಾಕೆಟ್ಟು, ಎಲ್ಲದರ ಚಿತ್ರ ಕೈಯಿಂದಲೇ ಬಿಡಿಸಿ, ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದಳು. ಅವಳು ಒಂದು ಕೆಲಸಕ್ಕೆ ಇಷ್ಟು ಆಸೆಪಟ್ಟದ್ದನ್ನು ನಾನು ನೋಡಿರಲಿಲ್ಲ.

ಕ್ಲಾಸಿಗೆ ಹತ್ತು ದಿನ ಇದೆ ಎನ್ನುವಾಗ ಪರದೆಯ ಕೆಳಮೂಲೆಯಲ್ಲಿ ಒಂದು ಕೆಂಪು ಗುರುತು ಕಾಣಿಸಿಕೊಂಡಿತು. ಒತ್ತಿ ನೋಡಿದರೆ, ಆ್ಯಂಟಿವೈರಸ್ ಅಪ್‌ಡೇಟ್ ಆಗಿಲ್ಲ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಎಂದಿತ್ತು. ಪಾಠಗಳೆಲ್ಲ ಅಳಿಸಿಹೋಗುತ್ತವಾ ಎಂದು ಪದ್ಮ ಗಾಬರಿಯಿಂದ ಕೇಳಿದಳು. ಅಭ್ಯಾಸಬಲದಿಂದ ಇಲ್ಲ ಎಂದೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ನಾನು. ನನ್ನ ಅರ್ಹತೆ ಏನೆಂದರೆ, ಅದನ್ನು ಅಂಗಡಿಯಿಂದ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವನು ನಾನು. ಆ ಅಧಿಕಾರದಿಂದ ಅಪ್‌ಡೇಟ್ ಗುಂಡಿ ಒತ್ತಿದೆ. ಹಸಿರು ಪಟ್ಟಿ ಒಂದಿಷ್ಟು ತೆವಳಿ ನಿಂತಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದೆ. ಕೇಬಲ್ ಕಿತ್ತು, ಬಾಯಿಂದ ಊದಿ, ಮತ್ತೆ ಸಿಕ್ಕಿಸಿದೆ. ವೈಫೈ ಡಬ್ಬಿಯನ್ನು ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದೆ. ನಮ್ಮ ತಂದೆ ಕೃಷಿ ವಾರ್ತೆಗೆ ಟ್ರಾನ್ಸಿಸ್ಟರನ್ನು ಹೀಗೆಯೇ ತಿರುಗಿಸುತ್ತಿದ್ದರು, ಮತ್ತು ಅವರಿಗೆ ಕೇಳಿಸುತ್ತಿತ್ತು. ಕೊನೆಗೆ ಸಹಾಯವಾಣಿಗೆ ಫೋನು ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. ಅಪ್‌ಡೇಟ್ ಆಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದೆ. ಮೊದಲು ಅಪ್‌ಡೇಟ್ ಮಾಡಿಕೊಳ್ಳಿ, ಆಮೇಲೆ ಮಾತಾಡೋಣ ಎಂದರು. ಅವರೂ ಯಾವುದೋ ಬೀದಿಯ ಓನರ್ ಇರಬೇಕು ಎಂದು ನನಗೆ ಗೌರವ ಹುಟ್ಟಿತು.

ಮರುದಿನ ಸಿಪಿಯು ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಇಲಿಯಾಸ್ ಭಾಯ್ ಎನ್ನುವವರ ರಿಪೇರಿ ಅಂಗಡಿ ಇದೆ. ನಮ್ಮ ತಂದೆ ಅದೇ ಮಾರ್ಕೆಟ್ಟಿಗೆ ಸೊಪ್ಪಿನ ಗಂಟು ಹೊತ್ತು ಹೋಗುತ್ತಿದ್ದರು. ಅವರ ಗಂಟನ್ನು ಕಂಡರೆ ಜನ ಹತ್ತಿರ ಬರುತ್ತಿದ್ದರು, ನನ್ನ ಗಂಟನ್ನು ಕಂಡು ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದುಹೋದರು. ಇಲಿಯಾಸ್ ಭಾಯ್ ಡಬ್ಬ ಬಿಚ್ಚಿ, ಒಳಗಿದ್ದ ಧೂಳನ್ನು ನೋಡಿ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಕೈಗಡಿಯಾರದಲ್ಲಿರುವಂಥ ಒಂದು ಪುಟ್ಟ ಸೆಲ್ ತೆಗೆದು ಮೇಜಿನ ಮೇಲಿಟ್ಟರು. ಅದು ಸತ್ತು ಬಹಳ ದಿನವಾಗಿತ್ತಂತೆ.

"ನಿಮ್ ಕಂಪ್ಯೂಟರ್‌ಗೆ ಇವತ್ತು ಯಾವ ವರ್ಷ ಅಂತಾನೇ ಗೊತ್ತಿಲ್ಲ ಸಾರ್," ಎಂದರು. "ಹಳೇ ತಾರೀಕಲ್ಲಿ ಕೂತ್ಕೊಂಡು ಹೊಸಾ ಅಪ್‌ಡೇಟ್ ಕೇಳಿದ್ರೆ ಯಾರು ಕೊಡ್ತಾರೆ?"

ಅದರ ಜೊತೆಗೆ ನಾನು ಒಂದಲ್ಲ ಎರಡು ಆ್ಯಂಟಿವೈರಸ್ ಹಾಕಿಕೊಂಡಿದ್ದೇನೆಂದೂ, ಇಬ್ಬರು ಕಾವಲುಗಾರರು ಒಬ್ಬರನ್ನೊಬ್ಬರು ಕಳ್ಳ ಎಂದು ಹಿಡಿದುಕೊಂಡು ಕೂತಿದ್ದಾರೆಂದೂ ತಿಳಿಸಿದರು. ಒಬ್ಬನನ್ನು ತೆಗೆದರು. ಹೊಸ ಸೆಲ್ ಹಾಕಿದರು. ಹಸಿರು ಪಟ್ಟಿ ಸರಸರನೆ ಓಡಿ ಮುಗಿಯಿತು. ವೈರಸ್ಸು ಏನಾದರೂ ಇತ್ತೇ ಎಂದು ಕೇಳಿದೆ. ಒಂದೂ ಇಲ್ಲ ಎಂದರು. ಅಷ್ಟು ದೂರ ಹೊತ್ತು ತಂದವನಿಗೆ ಇದರಿಂದ ಸ್ವಲ್ಪ ಬೇಜಾರೇ ಆಯಿತು. ಬಂದದ್ದಕ್ಕೆ ಇನ್ನೊಂದು ರಕ್ಷಣೆಯಾದರೂ ಸಿಗಲಿ ಎಂದು ಫೈರ್‌ವಾಲ್ ಬಗ್ಗೆ ವಿಚಾರಿಸಿದೆ. ಕಂಪ್ಯೂಟರಿನ ಜೊತೆಗೇ ಒಂದು ಬಂದಿರುತ್ತದೆ, ಅದು ಆನ್ ಇದ್ದರೆ ಮನೆಗೆ ಧಾರಾಳ ಸಾಕು ಎಂದರು. ನಾನು ಹೊರಡುವಾಗ, "ಜಾಸ್ತಿ ಬೀಗ ಹಾಕಿದ್ರೆ ನೀವೇ ಹೊರಗೆ ನಿಂತ್ಕೋತೀರ ಸಾರ್," ಎಂದೂ ಸೇರಿಸಿದರು. ಅವರು ಸ್ವಂತ ಕಟ್ಟಡ ಇಲ್ಲದವರು, ಅವರಿಗೇನು ಗೊತ್ತು ಎಂದುಕೊಂಡೆ.

ಫೈರ್‌ವಾಲ್ ಎಂದರೆ ಕಂಪ್ಯೂಟರಿನ ಗೇಟು. ಯಾರು ಒಳಗೆ ಬರಬೇಕು, ಯಾರು ಹೊರಗೆ ಹೋಗಬೇಕು ಎಂದು ನೋಡುವುದು ಅದರ ಕೆಲಸ. ಈ ವಿದ್ಯೆಯಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಜೊತೆಗೇ ಬಂದದ್ದು ಎಂದಮೇಲೆ ಅದನ್ನು ನಂಬುವಂತಿರಲಿಲ್ಲ. ಸೀರೆಯ ಜೊತೆ ಬರುವ ಬ್ಲೌಸ್ ಪೀಸನ್ನು ಪದ್ಮ ಎಂದೂ ನಂಬಿದವಳಲ್ಲ. ಮೂರು ದಿನ ಕೂತು ಬೇರೆ ಬೇರೆ ಫೈರ್‌ವಾಲುಗಳನ್ನು ಹೋಲಿಸಿದೆ. ಹೆಚ್ಚಿನವು 'ನಿಮಗೆ ತೊಂದರೆ ಕೊಡದೆ ಮೌನವಾಗಿ ಕೆಲಸ ಮಾಡುತ್ತೇವೆ' ಎಂದು ಹೇಳಿಕೊಂಡಿದ್ದವು. ಮೌನವಾಗಿರುವ ವಾಚ್‌ಮನ್ನು ಎಚ್ಚರವಾಗಿದ್ದಾನೋ ಮಲಗಿದ್ದಾನೋ ಹೇಗೆ ತಿಳಿಯಬೇಕು? ಆಗಾಗ ಶಿಳ್ಳೆ ಊದಿದರೆ ತಾನೇ ನಮಗೆ ನಿದ್ದೆ? ಕೊನೆಗೆ, ಪ್ರತಿಯೊಂದಕ್ಕೂ ನನ್ನನ್ನೇ ಕೇಳುವ, ನಾನು ಹೂಂ ಎನ್ನದೆ ಒಂದು ಹುಲ್ಲುಕಡ್ಡಿಯನ್ನೂ ಅಲ್ಲಾಡಿಸದ ಫೈರ್‌ವಾಲೊಂದನ್ನು ಆರಿಸಿದೆ. ಶುಕ್ರವಾರ ರಾಹುಕಾಲ ಕಳೆದ ಮೇಲೆ ಹಾಕಿದೆ.

ಹಾಕಿ ಐದು ನಿಮಿಷವಾಗಿರಲಿಲ್ಲ, ಬೆಲ್ ಆಯಿತು. ಯಾವುದೋ ಒಂದು ಪ್ರೋಗ್ರಾಮು ಇಂಟರ್ನೆಟ್ಟಿಗೆ ಹೋಗಬೇಕಂತೆ, ಬಿಡುವುದೋ ತಡೆಯುವುದೋ? ಹೆಸರು ನೋಡಿದರೆ ಸ್ವರವೇ ಇಲ್ಲದ ನಾಲ್ಕಾರು ಇಂಗ್ಲಿಷ್ ಅಕ್ಷರಗಳು. ಯಾವ ಊರಿನದೋ, ಯಾರ ಕಡೆಯದೋ. ತಡೆದೆ. ಇನ್ನೊಂದು ಬಂತು, ತಡೆದೆ. ಒಂದಂತೂ ಕ್ಯಾಮೆರಾ ಬೇಕು, ಮೈಕು ಬೇಕು, ಹೊರಗಿನವರನ್ನು ಒಳಗೆ ಕರೆತರಲು ಅನುಮತಿಯೂ ಬೇಕು ಎಂದಿತು. ಬಂದ ದಿನವೇ ಇಷ್ಟು ಕೇಳುವ ಬಾಡಿಗೆದಾರರನ್ನು ನಾನು ಕಂಡಿಲ್ಲ, ಅದಕ್ಕೆ ಎರಡು ಸಲ ತಡೆ ಒತ್ತಿದೆ. ಮತ್ತೊಂದು ಅರ್ಧ ಗಂಟೆಗೊಮ್ಮೆ ಬಂದು ಬೇಡಿಕೊಳ್ಳತೊಡಗಿತು. ಇಷ್ಟು ಗೋಗರೆಯುವವರು ಒಳ್ಳೆಯವರಿರಲಾರರು ಎಂದು, 'ಮತ್ತೆ ಕೇಳಬೇಡಿ' ಎನ್ನುವ ಚೌಕದಲ್ಲಿ ಗುರುತು ಹಾಕಿ ಅದರ ಬಾಯಿ ಮುಚ್ಚಿಸಿದೆ. ಸಂಜೆಯೊಳಗೆ ನಲವತ್ತೊಂದು ಅರ್ಜಿಗಳನ್ನು ತಿರಸ್ಕರಿಸಿ, ಟೀ ಅಂಗಡಿಗೆ ಹೋಗಿ ಸಂಖ್ಯೆ ಹೇಳಿದೆ. ಬೀದಿಯಲ್ಲಿ ಯಾರೂ ಒಂದೇ ದಿನ ಅಷ್ಟು ಜನರನ್ನು ವಾಪಸ್ಸು ಕಳಿಸಿದ್ದಿಲ್ಲ.

ಶನಿವಾರ ಕೆಂಪು ಗುರುತು ಮತ್ತೆ ಬಂತು. ಆ್ಯಂಟಿವೈರಸ್ ಅಪ್‌ಡೇಟ್ ಆಗಿಲ್ಲ, ಅಪಾಯ. ಇಲಿಯಾಸ್ ಭಾಯ್ ಕೆಲಸ ಇಷ್ಟೇ ಎಂದು ಬೈದುಕೊಂಡೆ. ಮಾರನೆಯ ದಿನ ಕ್ಲಾಸು, ಪದ್ಮ ಇದನ್ನು ಕಂಡರೆ ಗಾಬರಿಯಾಗುತ್ತಾಳೆ. ಕನ್ನಡಿಯ ಮೇಲೆ ಅವಳು ಅಂಟಿಸಿಟ್ಟಿದ್ದ ಬಿಂದಿಗಳಲ್ಲಿ ಒಂದನ್ನು ತೆಗೆದು ಪರದೆಯ ಆ ಮೂಲೆಗೆ ಸರಿಯಾಗಿ ಅಂಟಿಸಿದೆ. ಅವಳು ನೋಡಿ, ಇದ್ಯಾಕೆ ಇಲ್ಲಿ ಎಂದಳು. ಹೊಸ ಕೆಲಸ, ಶುಭವಾಗಲಿ ಅಂತ ಎಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಸಂಜೆ ಕೇಳದೆಯೇ ಬೋಂಡ ಮಾಡಿದಳು, ನಾನು ಕೇಳದೆಯೇ ತಿಂದೆ.

ಭಾನುವಾರ ಪದ್ಮ ಹಸಿರು ರೇಷ್ಮೆ ಸೀರೆ ಉಟ್ಟು ಒಂಬತ್ತೂವರೆಗೇ ಕಂಪ್ಯೂಟರಿನ ಮುಂದೆ ಕೂತಳು. ಹತ್ತಾಯಿತು. ಪರದೆಯ ನಡುವೆ ಒಂದು ಚಕ್ರ ತಿರುಗುತ್ತಿತ್ತು. ಹತ್ತೂಕಾಲಾಯಿತು. ಚಕ್ರ ತಿರುಗುತ್ತಲೇ ಇತ್ತು. ಪದ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ. ಅಷ್ಟರಲ್ಲಿ ರೀನಾ ಮೇಲಿನಿಂದ ಇಳಿದು ಬಂದಳು; ಎಲ್ಲರೂ ಕಾಯುತ್ತಿದ್ದಾರಂತೆ. ಅವಳು ಅಲ್ಲಿ ಇಲ್ಲಿ ಒತ್ತಿ ನನ್ನ ಫೈರ್‌ವಾಲಿನ ಪಟ್ಟಿಯನ್ನು ತೆರೆದಳು. ಪದ್ಮ ಕನ್ನಡಕ ಹಾಕಿಕೊಂಡು, ಹಾಜರಿ ಕರೆಯುವ ಹಾಗೆ ಒಂದೊಂದನ್ನೇ ಓದಿದಳು. ಕ್ಲಾಸಿನ ಪ್ರೋಗ್ರಾಮು, ತಡೆಯಲಾಗಿದೆ. ಪ್ರಿಂಟರು, ತಡೆಯಲಾಗಿದೆ. ಗಡಿಯಾರ, ತಡೆಯಲಾಗಿದೆ. ಆ್ಯಂಟಿವೈರಸ್ ಅಪ್‌ಡೇಟು, ತಡೆಯಲಾಗಿದೆ, ಮತ್ತೆ ಕೇಳಬೇಡಿ. ಓದುತ್ತ ಅವಳ ಕೈ ಬಿಂದಿಯ ಹತ್ತಿರ ಹೋಯಿತು. ಕಿತ್ತು, ಅದರ ಕೆಳಗಿನ ಕೆಂಪನ್ನು ನೋಡಿದಳು.

"ಯಾರನ್ನಾದ್ರೂ ಬಿಟ್ಟಿದೀರೇನ್ರೀ?" ಎಂದಳು.

ಇಲ್ಲ ಎಂದೆ. ಆ ಸಲ ಅದು ನಿಜವಾದ ಉತ್ತರವಾಗಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮ ತಂದೆ ಹೇಳುತ್ತಿದ್ದರು. ನನ್ನ ಬೇಲಿ ಮೇಯಲಿಲ್ಲ, ಬಿತ್ತಿದವಳನ್ನೇ ಹೊಲಕ್ಕೆ ಬಿಡಲಿಲ್ಲ. ಇದು ಮೊದಲ ಸಲವೂ ಅಲ್ಲ. ಮದುವೆಯಾದ ಹೊಸದರಲ್ಲಿ, ಟೀಚರ್ ಟ್ರೈನಿಂಗ್ ಮುಗಿಸಿದ್ದ ಪದ್ಮಳನ್ನು ಹಲಸೂರಿನ ಒಂದು ಶಾಲೆಯವರು ಕೆಲಸಕ್ಕೆ ಕರೆದಿದ್ದರು. ಹೋಗಲಾ ಎಂದು ನನ್ನನ್ನು ಕೇಳಿದಳು. ಎರಡು ದಿನ ಬಿಟ್ಟು ನೋಡೋಣ ಎಂದಿದ್ದೆ. ನೋಡಲಿಲ್ಲ. ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು, ಅವಳು ಮತ್ತೆ ಆ ಮಾತೆತ್ತಲಿಲ್ಲ. 'ಮತ್ತೆ ಕೇಳಬೇಡಿ' ಎನ್ನುವ ಚೌಕ ಆಗ ಕಂಪ್ಯೂಟರಿನಲ್ಲಿ ಇತ್ತೋ ಇಲ್ಲವೋ, ನನ್ನ ಮುಖದಲ್ಲಿ ಇದ್ದಿರಬೇಕು. ಅದನ್ನು ನೆನೆದು ನನಗೆ ನಿಜವಾಗಿ ನಾಚಿಕೆಯಾಯಿತು, ದುಃಖವೂ ಆಯಿತು.

ರೀನಾ ನಲವತ್ತೊಂದು ಬೀಗಗಳಲ್ಲಿ ಬೇಕಾದವನ್ನು ತೆಗೆದಳು. ಹತ್ತು ಗಂಟೆಯ ಕ್ಲಾಸು ಹನ್ನೊಂದಕ್ಕೆ ಶುರುವಾಯಿತು. ಒಬ್ಬರೂ ಎದ್ದುಹೋಗಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ನಿಮಗೆ ಈಗಾಗಲೇ ಗೊತ್ತಿರುವ ಕನ್ನಡ ಹೇಳಿ ಎಂದು ಪದ್ಮ ಕೇಳಿದಳು. ಒಬ್ಬರು ಊಟ ಎಂದರು, ಒಬ್ಬರು ಸ್ವಲ್ಪ ಗೊತ್ತು ಎಂದರು. ನಮ್ಮ ಮೇಲಿನ ಮೂವರೂ ಇಲ್ಲ ಎಂದರು. ಗೊತ್ತಿಲ್ಲವೇ ಎಂದರೆ, ಅದೇ ಗೊತ್ತಿರುವುದು ಎಂದರು. ರೀನಾ ಮಾತ್ರ ಒಂದು ಇಡೀ ವಾಕ್ಯ ಬರುತ್ತದೆಂದು ಹೇಳಿ, ಅರ್ಥ ತಿಳಿಯದಿದ್ದರೂ ಉಚ್ಚಾರಣೆಯಲ್ಲಿ ಒಂದು ದೋಷವೂ ಇಲ್ಲದೆ ಒಪ್ಪಿಸಿದಳು: "ಎರಡು ದಿನ ಬಿಟ್ಟು ಬನ್ನಿ, ನೋಡೋಣ." ಬಹಳ ಚೆನ್ನಾಗಿದೆ ಎಂದ ಪದ್ಮ, ಯಾರು ಕಲಿಸಿದರು ಎಂದು ಮಾತ್ರ ಕೇಳಲಿಲ್ಲ. ನಾನು ಅಲ್ಲಿಂದ ಅಡುಗೆಮನೆಗೆ ಹೋಗಿ ಅವಳ ಪಾತ್ರೆಗಳನ್ನು ತೊಳೆದೆ.

ಈಗ ಮನೆಯಲ್ಲಿ ಕಂಪ್ಯೂಟರಿನ ಜೊತೆ ಬಂದ ಫೈರ್‌ವಾಲೇ ಇದೆ. ಅದು ಶಿಳ್ಳೆ ಊದುವುದಿಲ್ಲ. ಮೂಲೆಯ ಗುರುತು ಹಸಿರಾಗಿದೆ. ಆದರೆ ಪದ್ಮ ರೀನಾಳ ಕೈಲಿ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿಸಿದ್ದಾಳೆ. ಮೊನ್ನೆ ನಾನು ಗೇಟಿಗೆ ಕಟ್ಟಲು ಹೊಸ ಬೋರ್ಡೊಂದನ್ನು ಪ್ರಿಂಟ್ ಮಾಡೋಣವೆಂದು ಕೂತರೆ, ನಿಮಗೆ ಅನುಮತಿ ಇಲ್ಲ ಎಂದಿತು. ಅಡುಗೆಮನೆಗೆ ಹೋಗಿ ಪಾಸ್‌ವರ್ಡ್ ಕೇಳಿದೆ. ಪದ್ಮ ಸಾರಿಗೆ ಒಗ್ಗರಣೆ ಹಾಕುತ್ತ, ಏನು ಕೆಲಸ ಎಂದಳು. ಹೇಳಿದೆ. ಎಷ್ಟು ಹೊತ್ತಿಗೆ ಮುಗಿಸುತ್ತೀರಿ ಎಂದಳು. ಹತ್ತು ನಿಮಿಷ ಎಂದೆ. ಜೊತೆಗೆ ಬೇರೆ ಯಾವುದಾದರೂ ಪ್ರೋಗ್ರಾಮು ಬಂದು ಉಳಿದುಕೊಳ್ಳುತ್ತದೆಯೇ ಎಂದಳು. ಖಂಡಿತ ಇಲ್ಲ ಎಂದು ಮಾತು ಕೊಟ್ಟೆ. ಎಲ್ಲ ಉತ್ತರಗಳೂ ಸರಿಯಾಗಿದ್ದವು. ಅವಳು ಸೌಟು ಕೆಳಗಿಟ್ಟು, ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ಎರಡು ದಿನ ಬಿಟ್ಟು ಬನ್ನಿ, ನೋಡೋಣ," ಎಂದಳು.

ಎರಡು ದಿನದಲ್ಲಿ ನೋಡುವುದು ಏನೂ ಇರುವುದಿಲ್ಲ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಈ ಬೀದಿಯಲ್ಲಿ ಯಾರೂ ಇಲ್ಲ. ಆದರೂ ಇವತ್ತಿಗೆ ಎರಡು ದಿನ ಆಯಿತು. ಗಡ್ಡ ಮಾಡಿಕೊಂಡು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಕೂತಿದ್ದೇನೆ. ಹೋಗಿ ಇನ್ನೊಂದು ಸಲ ಕೇಳಬೇಕು.