ಮೂರು ಟಬ್ಬಿನ ಗಂಡು

ಚಿಕ್ಕಸ್ವಾಮಿ ಆ ಸುದ್ದಿಯನ್ನು ಪಕ್ಕದ ಮನೆ ಬೈರಮ್ಮನಿಗೆ ಹೇಳಬಾರದಿತ್ತು. ಆದರೆ ಹೇಳಿಕೊಳ್ಳಲು ಮನೆಯಲ್ಲಿ ಬೇರೆ ಯಾರಿದ್ದರು? ಹಸುಗಳೆರಡಕ್ಕೂ ಹಾಲು ಕರೆಯುವಾಗಲೇ ಹೇಳಿಯಾಗಿತ್ತು.

ಸುದ್ದಿ ಇಷ್ಟೇ. ಕಿರಂಗೂರಿನಿಂದ ಹೆಣ್ಣಿನ ಕಡೆಯವರು ಅಂದು ಮಧ್ಯಾಹ್ನ ಚಿನಕುರಳಿಗೆ ಮನೆ ನೋಡಲು ಬರುತ್ತಾರೆ. ಗಂಡಿನ ಮನೆ, ಬಚ್ಚಲು, ಕೊಟ್ಟಿಗೆಯನ್ನೆಲ್ಲ ನೋಡಿ ಒಪ್ಪಿದ ಮೇಲೆಯೇ ಮುಂದಿನ ಮಾತು. ನಲವತ್ತು ದಾಟಿದ ಚಿಕ್ಕಸ್ವಾಮಿಯ ಮನೆಯನ್ನು ಹಿಂದೆಯೂ ಕೆಲವರು ನೋಡಿ, ಕಾಫಿ ಕುಡಿದು, "ತಿಳಿಸ್ತೀವಿ" ಎಂದು ಹೋಗಿದ್ದರು. ಅವರು ಇನ್ನೂ ತಿಳಿಸುತ್ತಲೇ ಇದ್ದರು. ಈ ಸಲ ಹುಡುಗಿಯೂ ಜೊತೆಗೆ ಬರುತ್ತಾಳಂತೆ.

"ಹೋದ್ ಸಲದೋರು ಬಚ್ಲು ನೋಡಿ ಮೂತಿ ತಿರುವುದ್ರು ಕಣ್ಲಾ," ಎಂದಳು ಬೈರಮ್ಮ. "ಈಗಿನ್ ಹೆಣ್ಮಕ್ಳು ಕಲ್ಲಿಗೆ ಬಟ್ಟೆ ಬಡೀತಾವಾ? ಮಿಷನ್ನು ಎಲ್ಲದ್ಲಾ?"

"ಅದೆಯಲ್ಲ ದೊಡ್ಡವ್ವ, ಮೂಲೇಲಿ."

ನಡುಮನೆಯ ಮೂಲೆಯಲ್ಲಿದ್ದುದು ಕಲ್ಲುಕ್ವಾರಿಯ ಮ್ಯಾನೇಜರು ಊರು ಬಿಡುವಾಗ ಕೊಟ್ಟುಹೋದ ಹಳೆಯ ಮಿಷನ್ನು. ಅದರ ಟಬ್ಬು ಕಬ್ಬಿಣದ್ದು. ಮೇಲೆ ತಟ್ಟೆಗಳಿಗೆ ಬಳಿಯುವಂಥ ಬಿಳಿ ಪಿಂಗಾಣಿ. ಪಿಂಗಾಣಿ ಚಕ್ಕೆಯೆದ್ದ ಕಡೆಯೆಲ್ಲ ತುಕ್ಕು. ಮೊದಲ ದಿನ ಅದರಲ್ಲಿ ಒಗೆದ ಬಿಳಿ ಅಂಗಿ, ಊರಿನವರೆಲ್ಲ ಸೇರಿ ಎಲೆಅಡಿಕೆ ಉಗಿದಂತಾಗಿ ಹೊರಗೆ ಬಂದಿತ್ತು. ಅಂದಿನಿಂದ ಅದರಲ್ಲಿ ಹಸುವಿನ ಬೂಸಾ ತುಂಬಿಡುತ್ತಿದ್ದ. ಬಟ್ಟೆಗೆ ನಾಲೆಯ ಮೆಟ್ಟಿಲೇ ಸರಿ. ಒಗೆಯಲು ಒಂದೇ ಒಂದು ಟವಲ್ಲಿದ್ದರೂ ಅಷ್ಟು ದೂರ ಹೋಗುತ್ತಿದ್ದ. ಅಲ್ಲಿ ಯಾರಾದರೂ "ಏನ್ ಸಾರ್ಲಾ ಇವತ್ತು?" ಎಂದು ಕೇಳುತ್ತಿದ್ದರು.

"ಥೂ, ಇದು ನಮ್ಮಜ್ಜಿ ಕಾಲದ್ದು. ಅವ್ರು ನೋಡಿದ್ರೆ ಓಡೋಯ್ತಾರೆ," ಎಂದವಳೇ ಬೈರಮ್ಮ, ಚಿಕ್ಕಸ್ವಾಮಿ ಬೇಡ ಬೇಡವೆಂದರೂ ತನ್ನ ಮಿಷನ್ನನ್ನು ಎಳೆದು ತಂದೇಬಿಟ್ಟಳು. ಅದು ಪ್ಲಾಸ್ಟಿಕ್ಕಿನದು, ಒಗೆಯಲೊಂದು, ಹಿಂಡಲೊಂದು, ಅವಳಿ ಟಬ್ಬು. ತಳ ಸೀಳಿದ ಕಡೆ ಎಂಸೀಲ್ ಅಂಟು ಮೆತ್ತಿತ್ತು. "ತುಕ್ಕಿನ್ ಮಾತೇ ಇಲ್ಲ ಕಣ್ಲಾ!"

ಗದ್ದಲ ಕೇಳಿ ಎದುರು ಮನೆ ಶಂಕರ್ ಬಂದ. "ಚಿಕ್ಸಾಮಣ್ಣ, ಮರ್ವಾದೆ ತೆಗ್ದುಬುಟ್ಟೀಯ! ಪ್ಲಾಸ್ಟಿಕ್ಕು ಈಗ ಯಾರಣ್ಣ ಮಡೀಕತಾರೆ? ನಮ್ದು ಸ್ಟೀಲು. ಬಟನ್ ಒತ್ತಿದ್ರೆ ತಾನೇ ಒಗ್ದು ತಾನೇ ಹಿಂಡ್ತದೆ." ಹೇಳಿದವನೇ ತಳ್ಳುಗಾಡಿಯಲ್ಲಿ ಅದನ್ನೂ ತಂದ. "ಬಗ್ಗಿ ನೋಡಣ್ಣ, ಮುಖ ಕಾಣ್ತದೆ."

ಚಿಕ್ಕಸ್ವಾಮಿ ಬಗ್ಗಿದ. ತಳದ ಸೋಪುನೀರಿನಲ್ಲಿ ಬಟ್ಟೆಯೇನೋ ಬಿದ್ದಿತ್ತು. ಸುತ್ತ ಜರಡಿಯಂತೆ ನೂರಾರು ತೂತು; ನಡುವೆ ತನ್ನದೊಂದೇ ಮುಖ.

ಬೈರಮ್ಮನದನ್ನು ವಾಪಸು ಕಳಿಸಿದರೆ ಬೈರಮ್ಮನಿಗೆ ಕೋಪ, ಶಂಕರನದನ್ನು ಕಳಿಸಿದರೆ ಶಂಕರನಿಗೆ. ಪಿಂಗಾಣಿಯದಂತೂ ಬೂಸಾ ತೆಗೆದ ಮೇಲೂ ಅಲುಗದಷ್ಟು ಭಾರ. ಕಡೆಗೆ ಮೂರೂ ನಡುಮನೆಯಲ್ಲಿ ಅಜ್ಜ, ಅಪ್ಪ, ಮೊಮ್ಮಗ ಫೋಟೋಗೆ ನಿಂತ ಹಾಗೆ ಸಾಲಾಗಿ ನಿಂತವು.

ಮಧ್ಯಾಹ್ನ ದಲ್ಲಾಳಿ ಚೌಡಯ್ಯ ಹುಡುಗಿಯನ್ನೂ ಅವಳ ಸೋದರಮಾವ ಕೆಂಪಣ್ಣನನ್ನೂ ಕರೆದುಕೊಂಡು ಬಂದ. ಹುಡುಗಿಯ ಹೆಸರು ಹೇಮಶ್ರೀ. ಮೂವತ್ತು ದಾಟಿದ ಶಾಂತ ಮುಖ. ಹೊಸಿಲು ದಾಟಿದವಳು ಮಿಷನ್ನುಗಳನ್ನು ಕಂಡು ಅಲ್ಲೇ ನಿಂತುಬಿಟ್ಟಳು.

"ಮೂರೂ ನಿಮ್ದೇನಾ?" ಎಂದ ಕೆಂಪಣ್ಣ.

ಚಿಕ್ಕಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಬೈರಮ್ಮ, "ಇನ್ಯಾರ್ದಪ್ಪ? ಅವ್ನುದೇಯಾ," ಎಂದಳು.

"ನಾಲೆ ದಾರೀಲೇ ಬಂದೋ," ಎಂದಳು ಹೇಮಶ್ರೀ ಮೆಲ್ಲಗೆ. "ಮೆಟ್ಲು ಚೆನ್ನಾಗವೆ." ಚಿಕ್ಕಸ್ವಾಮಿಯ ಎದೆ ಅರಳಿತು. ಅವಳ ಕಾಫಿಗೆ ಸಕ್ಕರೆ ಎಷ್ಟೆಂದು ಕೇಳಬೇಕು, ಆಮೇಲೆ ಎಂದೆಂದಿಗೂ ನೆನಪಿಟ್ಟುಕೊಳ್ಳಬೇಕು ಎಂದುಕೊಂಡ.

ಅಷ್ಟರಲ್ಲಿ ಬೈರಮ್ಮ ಎಲ್ಲರಿಗೂ ಕಾಫಿ ಕೊಟ್ಟಳು, ಶಂಕರನಿಗೆ ಹುಮ್ಮಸ್ಸು ಬಂತು. "ನಮ್ಮಣ್ಣನ ಸ್ಟೀಲ್ ಮಿಷನ್ನು ಓಡೋದು ನೋಡಿ!" ಎಂದು ವೈರು ಸಿಕ್ಕಿಸಿ ಬಟನ್ ಒತ್ತಿಯೇಬಿಟ್ಟ. ಏರುಪೇರು ನೆಲದ ಮೇಲೆ ಮಿಷನ್ನು ಗಡಗಡ ನಡುಗಿ, ಹಗ್ಗ ಕಿತ್ತ ಕರುವಿನಂತೆ ಕೆಂಪಣ್ಣನ ಕಡೆಗೇ ಹೊರಟಿತು. ಬಚ್ಚಲಿಗೆ ಬಿಡಬೇಕಾದ ಪೈಪನ್ನು ಯಾರೂ ಬಿಟ್ಟಿರಲಿಲ್ಲ; ಸೋಪುನೀರೆಲ್ಲ ನಡುಮನೆಗೆ ಹರಿಯಿತು. ಕೆಂಪಣ್ಣ ಪಂಚೆ ಎತ್ತಿಕೊಂಡು ಕುರ್ಚಿಯ ಮೇಲೆ ಹತ್ತಿ ನಿಂತ. ಬಾಗಿಲ ಬಳಿ ಬಿಟ್ಟಿದ್ದ ಅವನ ಚಪ್ಪಲಿಗಳು ನೊರೆಯಲ್ಲಿ ತೇಲಿ ಕೊಟ್ಟಿಗೆಯತ್ತ ಸಾಗಿದವು.

ಹೆದರಿದ ಶಂಕರ್ ವೈರು ಕಿತ್ತು, ಏನು ಸಿಕ್ಕಿಕೊಂಡಿದೆಯೋ ಎಂದು ಒಳಗೆ ಕೈ ಹಾಕಿ ಎಳೆದ. ಗುಲಾಬಿ ಬಣ್ಣದ ಹೆಂಗಸರ ನೈಟಿ ಬಂತು.

ಮದುವೆಯಾಗದ ಗಂಡಿನ ಮನೆಯಲ್ಲಿ ನೈಟಿ!

"ಇದ್ಯಾರ್ದು?" ಎಂದ ಕೆಂಪಣ್ಣ, ಕುರ್ಚಿಯ ಮೇಲಿಂದಲೇ.

"ನಂದೇ," ಎಂದುಬಿಟ್ಟ ಚಿಕ್ಕಸ್ವಾಮಿ, ಗಾಬರಿಯಲ್ಲಿ.

"ಅಯ್ಯೋ, ನಂದು ಕಣಪ್ಪ!" ಬೈರಮ್ಮ ಮುನ್ನುಗ್ಗಿದಳು. ಆ ನೈಟಿಯಲ್ಲಿ ಅವಳ ಒಂದು ತೋಳೂ ಹಿಡಿಸುತ್ತಿರಲಿಲ್ಲ. "ನಮ್ಮುಡ್ಗ ಅಷ್ಟು ಒಳ್ಳೇನು. ನಂದು, ಎದುರ್ಮನೇರ್ದು, ಇಡೀ ಕೇರಿ ಬಟ್ಟೇನೆಲ್ಲ ಒಗ್ದುಕೊಡ್ತಾನೆ. ಅದ್ಕೇ ಮೂರು ಮಿಷನ್ನು!"

ಹೇಮಶ್ರೀಯ ಮುಖ ಬಾಡಿತು. ಕಾಫಿಯನ್ನು ಅರ್ಧಕ್ಕೇ ಇಟ್ಟಳು. "ತಿಳಿಸ್ತೀವಿ," ಎಂದ ಕೆಂಪಣ್ಣ, ಒದ್ದೆ ಚಪ್ಪಲಿ ಮೆಟ್ಟುತ್ತ.

ಈ ಸಲ ನಿಜವಾಗಿಯೂ ತಿಳಿಸಿದರು. ಸಂಜೆ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಚೌಡಯ್ಯನ ಫೋನು.

"ಹುಡ್ಗಿ ಬೇಡ ಅಂದವ್ಳೆ ಕಣ್ಲಾ."

"ನೈಟಿಗಾ ಅಣ್ಣ?"

"ನೈಟಿ ಅತ್ಲಾಗ್ ಬುಡು. ಅವ್ಳು ಬೆಳಗೊಳದತ್ರ ದೊಡ್ಡ ಹೋಟ್ಲಲ್ಲಿ ಮಿಷನ್ನಿಗೆ ಬಟ್ಟೆ ಹಾಕೋ ಕೆಲ್ಸದಲ್ಲವ್ಳೆ. ದಿನಾ ಯಾರ್ಯಾರ್ದೋ ಬೆಡ್‌ಶೀಟು, ಅದೇ ಗಡಗಡ. ಮದ್ವೆ ಆದ್ಮೇಲಾರೂ ಅದು ತಪ್ಲಿ ಅಂತಿದ್ಳಂತೆ. ನಿನ್ ಮನೇಲಿ ಮೂರು ಮಿಷನ್ನು, ಇಡೀ ಕೇರಿ ಬಟ್ಟೆ! ಅಲ್ಲೂ ಅದೇಯಾ ಅಂದ್ಳು."

"ಅಣ್ಣಾ! ಅವು ನನ್ನವಲ್ಲ ಕಣಣ್ಣ! ನಾನು ಒಗ್ಯದು ನಾಲೇಲಿ. ಈಗ್ಲೇ ಹೇಳಣ್ಣ, ಕೈ ಮುಗೀತೀನಿ."

ಚಿಕ್ಕಸ್ವಾಮಿ ಫೋನನ್ನು ಅಂಗೈಯಲ್ಲಿಟ್ಟುಕೊಂಡು, ಹಕ್ಕಿಮರಿಯನ್ನು ನೋಡುವಂತೆ ನೋಡುತ್ತ ಕೂತ. ಅದು ಮತ್ತೆ ಕೂಗಿತು.

"ಹೇಳ್ದೆ. ಹುಡ್ಗಿ 'ನಾಲೇಲಾ?' ಅಂತ ನಕ್ಕುಬುಟ್ಳು, ಖುಷಿಯಾಗೇ. ಅಷ್ಟ್ರಲ್ಲಿ ಅವ್ಳ ಮಾವ ಫೋನ್ ಕಿತ್ಕಂಡ. 'ಮಿಷನ್ನೇ ಎರವಲು ಅಂದ್ಮೇಲೆ ಹಸ ಯಾರ್ದೋ, ಮನೆ ಯಾರ್ದೋ' ಅಂದ. ಇನ್ನೇನ್ ಹೇಳನ್ಲಾ?"

ಶಂಕರ್ ಬಂದು ತನ್ನ ಮಿಷನ್ನನ್ನು ತಳ್ಳಿಕೊಂಡು ಹೋದ. ನೈಟಿಯ ವಿಷಯಕ್ಕೆ ಹೆಂಡತಿ ಕಾದು ನಿಂತಿದ್ದಳೇನೋ, ಮಾತಿಗೆ ನಿಲ್ಲಲಿಲ್ಲ. ಬೈರಮ್ಮ ಬಂದು ತನ್ನದರ ಮೇಲೆ ಕೈಯಿಟ್ಟು, "ಏನಂದ್ರು ಮಗ?" ಎಂದಳು.

"ಬ್ಯಾಡ ಅಂದ್ರು ದೊಡ್ಡವ್ವ."

"ನಂಗೊತ್ತಿತ್ತು. ಈಗ ಮುಂದ್ಗಡೆ ಗಾಜಿನ ಬಾಗ್ಲಿರೋದು ಬಂದದೆ ಕಣ್ಲಾ. ಅದಿಲ್ಲ ಅಂತ್ಲೇ ಬ್ಯಾಡ ಅಂದಿರದು. ನಮ್ ತಂಗಿ ಮಗಳ ಮನೇಲದೆ. ಮುಂದಿನ್ ಸಲಕ್ಕೆ ಅದ್ನೇ ತರ್ಸಾನ ತಗೊ."

ಅಲ್ಲ ದೊಡ್ಡವ್ವ ಎನ್ನಲು ಚಿಕ್ಕಸ್ವಾಮಿ ಬಾಯಿ ತೆರೆದ. ಹಾಗಂದರೆ ಅವಳು ಸಿಟ್ಟಾಗಿ ಹೋಗಿಬಿಡುತ್ತಾಳೆ. ಹೊರಗೆ ಕತ್ತಲಾಗುತ್ತಿತ್ತು, ಮನೆಯಲ್ಲಿ ಇನ್ನೂ ದೀಪ ಹಾಕಿರಲಿಲ್ಲ.

"ಅದ್ರ ಟಬ್ಬು ಯಾತರದು ದೊಡ್ಡವ್ವ?" ಎಂದು ಕೇಳಿದ.

ಬೈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸಿಲ ಮೇಲೆ ಕೂತು, ಹೇಳತೊಡಗಿದಳು.